ಬೀದಿಯ ಹಕ್ಕು ಮತ್ತು ಮದ್ಯಮುಕ್ತ ವಲಯ



ಬಸ್ ನಿಲ್ದಾಣದ ಹಿಂಬದಿ, ಸರ್ಕಾರಿ ಶಾಲೆಯ ಮೈದಾನ, ಕೆರೆ ಏರಿ, ಸಂತೆಮಾಳ, ಬಡಾವಣೆಯ ಖಾಲಿ ಸೈಟು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಹೊತ್ತು ಮುಳುಗಿದ ಮೇಲೆ ಹೆಂಗಸರೂ ಮಕ್ಕಳೂ ಕಾಲಿಡಲು ಹಿಂಜರಿಯುವ ಜಾಗಗಳನ್ನು ಪಟ್ಟಿ ಮಾಡಿದರೆ ಇವುಗಳ ಹೆಸರುಗಳೇ ಮೊದಲು ಬರುತ್ತವೆ. ಇವುಗಳಲ್ಲಿ ಹೆಚ್ಚಿನವು ಸಾರ್ವಜನಿಕ ಆಸ್ತಿಗಳು, ಅವುಗಳ ಪಾಲನೆಗೆ ಊರಿನವರೆಲ್ಲ ತೆರಿಗೆ ಕೊಟ್ಟಿದ್ದಾರೆ. ಆದರೂ ದಿನದ ಕೆಲವು ಗಂಟೆಗಳ ಕಾಲ ಅವು ಕೆಲವೇ ಮಂದಿಯ ವಶದಲ್ಲಿರುತ್ತವೆ.

ಇಂದಿನ ಉಪನ್ಯಾಸದ ವಿಷಯ ಪಾನನಿರೋಧವಲ್ಲ. ಕುಡಿಯುವುದು ಸರಿಯೋ ತಪ್ಪೋ ಎಂಬ ಹಳೆಯ ವಾದಕ್ಕೂ ಇಲ್ಲಿ ಇಳಿಯುವುದಿಲ್ಲ. ಪಟ್ಟಣವೊಂದು ತನ್ನ ಕೆಲವು ಬೀದಿ, ಉದ್ಯಾನ, ನಿಲ್ದಾಣಗಳನ್ನು ಗುರುತಿಸಿ, ಇಲ್ಲಿ ಮಾತ್ರ ಯಾರೂ ಮದ್ಯ ಸೇವಿಸಕೂಡದು ಎಂದು ಸಾರಬಹುದೆ? ಸಾರಿದರೆ ಅದನ್ನು ಹೇಗೆ ನಡೆಸಬೇಕು? ಹಾಗೆ ಸಾರಿದ ಊರುಗಳ ಅನುಭವ ಏನು ಹೇಳುತ್ತದೆ? ಚರ್ಚೆಯ ಎಲ್ಲೆ ಇಷ್ಟೇ.

ಉಪನ್ಯಾಸ ನಾಲ್ಕು ಭಾಗಗಳಲ್ಲಿ ಸಾಗುತ್ತದೆ. ಮೊದಲನೆಯದು, ಇಂಥ ವಲಯಗಳ ನಿಯಮವನ್ನು ಎಚ್ಚರದಿಂದ ರೂಪಿಸಿದ ಆಸ್ಟ್ರೇಲಿಯಾದ ಒಂದು ರಾಜ್ಯದ ಕಾನೂನು. ಎರಡನೆಯದು, ಇಂಗ್ಲೆಂಡಿನ ಕವೆಂಟ್ರಿ ನಗರದ ಪ್ರಯೋಗ ಮತ್ತು ಅದರ ಫಲಿತಾಂಶ. ಮೂರನೆಯದು, ಈ ನಿಯಮದ ಭಾರ ಯಾರ ಮೇಲೆ ಬೀಳುತ್ತದೆ ಎಂಬ ನೋವಿನ ಪ್ರಶ್ನೆ. ಕೊನೆಯದು, ಕರ್ನಾಟಕದ ಪಟ್ಟಣಗಳ ಸ್ಥಿತಿ ಮತ್ತು ಇಲ್ಲಿ ಮಾಡಬಹುದಾದ ಕೆಲಸ.

ವಿಷಯಕ್ಕೆ ಪ್ರವೇಶಿಸುವ ಮುನ್ನ ಒಂದು ಅಂಕಿ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಸುಮಾರು ಶೇ. 19ರಷ್ಟು ಮಂದಿ ಮದ್ಯ ಸೇವಿಸುತ್ತಾರೆ, ಹೆಂಗಸರಲ್ಲಿ ಸುಮಾರು ಶೇ. 1ರಷ್ಟು. ಅಂದರೆ ಐವರು ಗಂಡಸರಲ್ಲಿ ನಾಲ್ವರು ಕುಡಿಯುವವರಲ್ಲ, ಹೆಂಗಸರಲ್ಲಿ ಹೆಚ್ಚು ಕಡಿಮೆ ಯಾರೂ ಅಲ್ಲ. ಕುಡಿಯುವ ಒಬ್ಬನೂ ಬೀದಿಯಲ್ಲೇ ಕುಡಿಯುತ್ತಾನೆಂದಿಲ್ಲ. ಹೀಗಿದ್ದರೂ ಉದ್ಯಾನದ ಒಂದು ಮೂಲೆಯಲ್ಲಿ ಬಾಟಲಿ ತೆರೆದು ಕೂತ ನಾಲ್ಕು ಜನ ಇಡೀ ಉದ್ಯಾನದ ಬಳಕೆಯನ್ನೇ ಬದಲಿಸಿಬಿಡಬಲ್ಲರು. ಅವರು ಯಾರ ಮೇಲೂ ಕೈ ಮಾಡಬೇಕಿಲ್ಲ, ಬೈಯಬೇಕಾಗಿಯೂ ಇಲ್ಲ. ಆ ದಾರಿ ಬೇಡ ಎಂದು ಮನೆಯವರು ಮಗಳಿಗೆ ಹೇಳುವಲ್ಲಿಗೆ ನಷ್ಟ ಆಗಿಹೋಗಿರುತ್ತದೆ. ಆ ನಷ್ಟ ಯಾವ ಠಾಣೆಯ ದಾಖಲೆಗೂ ಸೇರುವುದಿಲ್ಲ.

ಈಗ ಮೊದಲ ಭಾಗ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ರಾಜಧಾನಿ ಸಿಡ್ನಿ. ಆ ರಾಜ್ಯದ 1993ರ ಸ್ಥಳೀಯ ಸರ್ಕಾರ ಕಾಯ್ದೆಯು ಮದ್ಯಮುಕ್ತ ವಲಯ ಘೋಷಿಸುವ ಅಧಿಕಾರವನ್ನು ನಗರಸಭೆಗಳಿಗೆ ಕೊಟ್ಟಿದೆ. ರಸ್ತೆ, ಕಾಲುದಾರಿ, ಸಾರ್ವಜನಿಕ ವಾಹನ ನಿಲುಗಡೆ ಜಾಗಗಳು ಈ ವಲಯದೊಳಗೆ ಬರಬಹುದು. ಉದ್ಯಾನಗಳಿಗೆ ಅದೇ ಕಾಯ್ದೆಯಲ್ಲಿ ಬೇರೊಂದು ವಿಧಿಯಿದ್ದು, ಅಲ್ಲಿ ನಿಷೇಧವನ್ನು ಇಡೀ ದಿನಕ್ಕೂ ಹಾಕಬಹುದು, ನಿರ್ದಿಷ್ಟ ಹೊತ್ತಿಗೂ ಹಾಕಬಹುದು.

ಅಧಿಕಾರ ಕೊಟ್ಟ ಕಾನೂನು ಅದಕ್ಕೆ ಕಡಿವಾಣವನ್ನೂ ತೊಡಿಸಿದೆ. ನಗರಸಭೆ ಮೊದಲು ಲಿಖಿತ ಪ್ರಸ್ತಾವ ಸಿದ್ಧಪಡಿಸಬೇಕು. ಈ ಬೀದಿಯೇ ಏಕೆ, ಇಲ್ಲಿ ಏನಾಗುತ್ತಿದೆ ಎಂಬುದಕ್ಕೆ ಅದರಲ್ಲಿ ಕಾರಣ ಕೊಡಬೇಕು. ಪ್ರಸ್ತಾವವನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯಕ್ಕೆ 30 ದಿನಗಳ ಅವಕಾಶ ಇಡಬೇಕು. ಆ ಪ್ರದೇಶದ ಪೊಲೀಸ್ ಅಧಿಕಾರಿಗೂ ವಲಯದ ಅಂಚಿನಲ್ಲಿರುವ ಮದ್ಯದಂಗಡಿ, ಹೋಟೆಲುಗಳ ಸನ್ನದುದಾರರಿಗೂ ಪ್ರತಿ ಕಳಿಸಬೇಕು. ಗೊತ್ತುಪಡಿಸಿದ ಕೆಲವು ಪ್ರದೇಶಗಳಲ್ಲಿ ತಾರತಮ್ಯ ವಿರೋಧಿ ಮಂಡಳಿಗೂ ಕಳಿಸಬೇಕು. ಕುಡಿತದ ನಿಯಮದ ನೆಪದಲ್ಲಿ ಒಂದು ಜನಾಂಗವನ್ನು ಬೀದಿಯಿಂದ ಓಡಿಸುವ ಕೆಲಸ ನಡೆಯಬಾರದು ಎಂಬ ಕಾಳಜಿ ಆ ಕೊನೆಯ ಷರತ್ತಿನ ಹಿಂದಿದೆ.

ವಲಯದ ಆಯಸ್ಸು ಹೆಚ್ಚೆಂದರೆ ನಾಲ್ಕು ವರ್ಷ. ಅವಧಿ ಮುಗಿದ ಮೇಲೆ ಅದು ತಾನಾಗಿ ಬಿದ್ದುಹೋಗುತ್ತದೆ. ಮುಂದುವರಿಸಬೇಕೆಂದರೆ ಅಭಿಪ್ರಾಯ ಸಂಗ್ರಹವನ್ನು ಮತ್ತೆ ನಡೆಸಬೇಕು. ಫಲಕ ನೆಡುವವರೆಗೆ ನಿಯಮ ಜಾರಿಗೆ ಬರುವಂತಿಲ್ಲ. ವಲಯ ಎಷ್ಟು ಚಿಕ್ಕದಾಗಿರಲು ಸಾಧ್ಯವೋ ಅಷ್ಟು ಚಿಕ್ಕದಾಗಿರಬೇಕು, ಇಡೀ ಊರನ್ನೇ ವಲಯವೆಂದು ಸಾರುವುದು ಸಲ್ಲದು ಎಂದು ಸರ್ಕಾರದ 2009ರ ಮಾರ್ಗಸೂಚಿ ಹೇಳುತ್ತದೆ. ಜನ ಗುಂಪುಗೂಡಿ ಕೂರುವುದು ನೋಡಲು ಚೆನ್ನಾಗಿಲ್ಲ ಎಂಬುದು ಅದರ ಪ್ರಕಾರ ಕಾರಣವಾಗಲಾರದು. ಆಸ್ತಿ ಹಾಳು, ಗಲಾಟೆ, ದಾರಿಹೋಕರಿಗೆ ಕಿರುಕುಳದಂಥ ನಡತೆಯ ದೋಷ ಇರಬೇಕು.

ಶಿಕ್ಷೆಯ ವಿಚಾರವನ್ನೂ ಗಮನಿಸಬೇಕು. ಮೊದಲಿಗೆ ಈ ವಲಯಗಳಲ್ಲಿ ಕುಡಿದವರಿಗೆ ದಂಡವಿತ್ತು. 2008ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಪೊಲೀಸರಾಗಲಿ ಅಧಿಕಾರ ಪಡೆದ ನಗರಸಭೆ ಸಿಬ್ಬಂದಿಯಾಗಲಿ ಮದ್ಯವನ್ನು ವಶಪಡಿಸಿಕೊಳ್ಳಬಹುದು, ಇಲ್ಲವೆ ಅಲ್ಲೇ ಚೆಲ್ಲಿಬಿಡಬಹುದು. ಅವರ ಕೆಲಸಕ್ಕೆ ಅಡ್ಡಿ ಮಾಡಿದವರ ಮೇಲೆ ಮಾತ್ರ ಮೊಕದ್ದಮೆ. ದಂಡ ಕಟ್ಟಲಾರದ ಬಡವ ನ್ಯಾಯಾಲಯ, ಜೈಲು ಎಂದು ಅಲೆಯುವ ಪ್ರಮೇಯ ಇದರಿಂದ ಕಡಿಮೆಯಾಯಿತು. ಬಾಟಲಿಯಲ್ಲಿದ್ದದ್ದು ಚರಂಡಿ ಸೇರಿದರೆ ಆ ಬೀದಿಯ ಮಟ್ಟಿಗೆ ಕೆಲಸ ಮುಗಿಯಿತು.

ಎಲ್ಲ ಕಡೆಯೂ ಇದು ನಿಷ್ಪಕ್ಷಪಾತವಾಗಿ ನಡೆಯುತ್ತಿದೆ ಎಂದು ಇದರ ಅರ್ಥವಲ್ಲ. ಕಾಲುದಾರಿಯ ಮೇಲೆ ಮೇಜು ಹಾಕಲು ಪರವಾನಗಿ ಪಡೆದ ಉಪಾಹಾರ ಗೃಹಕ್ಕೆ ವಲಯದೊಳಗೂ ವಿನಾಯಿತಿ ಸಿಗುತ್ತದೆ. ಕುರ್ಚಿಯಲ್ಲಿ ಕೂತು ದ್ರಾಕ್ಷಾರಸ ಕುಡಿಯುವವರಿಗೆ ತೊಂದರೆಯಿಲ್ಲ, ನಾಲ್ಕು ಹೆಜ್ಜೆ ಆಚೆ ಜಗಲಿಯ ಮೇಲೆ ಕೂತವನ ಬಿಯರ್ ಮಾತ್ರ ಚರಂಡಿಗೆ. ಮೂರನೇ ಭಾಗದಲ್ಲಿ ಈ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳೋಣ.

ಎರಡನೇ ಭಾಗಕ್ಕೆ ಬರೋಣ: ಇಂಥ ನಿಯಮದಿಂದ ಫಲ ಸಿಕ್ಕಿದೆಯೆ?

ಕವೆಂಟ್ರಿ ಇಂಗ್ಲೆಂಡಿನ ಮಧ್ಯಭಾಗದ ಕೈಗಾರಿಕಾ ನಗರ. ನಗರ ಕೇಂದ್ರದ ಬೀದಿಗಳಲ್ಲಿ ಮದ್ಯಪಾನವನ್ನು ನಿಷೇಧಿಸುವ ಉಪವಿಧಿ ಅಲ್ಲಿ 1988ರ ನವೆಂಬರಿನಲ್ಲಿ ಜಾರಿಗೆ ಬಂತು. ಬ್ರಿಟನ್ನಿನ ಗೃಹ ಇಲಾಖೆ ಇದನ್ನು ಪ್ರಯೋಗವೆಂದು ಭಾವಿಸಿ, ಸಂಶೋಧಕ ಮಾಲ್ಕಮ್ ರ‍್ಯಾಮ್ಸೆ ಅವರಿಂದ ನಿಯಮದ ಮೊದಲು ಮತ್ತು ನಂತರದ ಸ್ಥಿತಿಯನ್ನು ಅಧ್ಯಯನ ಮಾಡಿಸಿತು. ಪೇಟೆಗೆ ಬಂದ ಜನರನ್ನು ಮಾತಾಡಿಸಿ, ಪೊಲೀಸ್ ದಾಖಲೆಗಳನ್ನು ನೋಡಿ ಸಿದ್ಧವಾದ ವರದಿಗಳು ಎರಡು ಬಗೆಯ ಫಲಿತಾಂಶ ಕೊಟ್ಟವು. ಬೀದಿಯಲ್ಲಿ ಕುಡಿಯುವವರ ಬಗ್ಗೆ ಜನರಿಗಿದ್ದ ಆತಂಕ ಇಳಿಯಿತು, ನಗರ ಕೇಂದ್ರದ ಬಗೆಗಿನ ಅಭಿಪ್ರಾಯ ಸುಧಾರಿಸಿತು. ಆದರೆ ಹೊಡೆದಾಟ, ಹಲ್ಲೆಯಂಥ ಅಪರಾಧಗಳಲ್ಲಿ ಅಂಥ ಸ್ಪಷ್ಟ ಇಳಿಕೆ ಕಾಣಲಿಲ್ಲ.

ಇದರಲ್ಲಿ ಆಶ್ಚರ್ಯವಿಲ್ಲ. ಕುಡಿದು ಹೊಡೆದಾಡುವವರಲ್ಲಿ ಬಹಳಷ್ಟು ಮಂದಿ ಕುಡಿದದ್ದು ಪಬ್ಬಿನ ಒಳಗೆ. ಬೀದಿಯ ನಿಯಮ ಅವರನ್ನು ಮುಟ್ಟುವುದೇ ಇಲ್ಲ. ಹಾಗೆಂದು ಮೊದಲನೇ ಫಲಿತಾಂಶವನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಭಯ ಕಡಿಮೆಯಾಗುವುದೆಂದರೆ ಮುದುಕರು ಸಂಜೆ ಹೊತ್ತು ಪೇಟೆಗೆ ಬರುವುದು, ತಾಯಂದಿರು ಮಗುವಿನ ಕೈ ಹಿಡಿದು ಉದ್ಯಾನದಲ್ಲಿ ನಡೆಯುವುದು. ಅಪರಾಧ ನಿಯಂತ್ರಣದ ಅಸ್ತ್ರವಾಗಿ ಈ ನಿಯಮ ದುರ್ಬಲ. ಜಾಗವನ್ನು ಜನರಿಗೆ ಮರಳಿಸುವ ಸಾಧನವಾಗಿ ಮಾತ್ರ ಅದಕ್ಕೆ ಬೆಲೆಯಿದೆ. ಎರಡನ್ನೂ ಒಂದೇ ಎಂದು ತಿಳಿದು ನಿಯಮ ತಂದ ಊರುಗಳಿಗೆ ಕೊನೆಗೆ ನಿರಾಶೆಯಾಗುವುದು ಸಹಜ.

ಕವೆಂಟ್ರಿಯ ಅನುಭವದ ಮೇಲೆ ಬ್ರಿಟನ್ನಿನ ಕಾನೂನು ಬೆಳೆಯಿತು. 2001ರ ಕಾಯ್ದೆಯೊಂದು ನಗರಸಭೆಗಳು ಸಾರ್ವಜನಿಕ ಸ್ಥಳಗಳನ್ನು ಗೊತ್ತುಪಡಿಸಲು ಅವಕಾಶ ಕೊಟ್ಟಿತು. ಅದರ ತಿರುಳು ಇಷ್ಟು: ಅಂಥ ಸ್ಥಳದಲ್ಲಿ ಕುಡಿಯುವುದೇ ಅಪರಾಧವಲ್ಲ, ನಿಲ್ಲಿಸು ಎಂದು ಅಧಿಕಾರಿ ಹೇಳಿದ ಮೇಲೂ ಕುಡಿಯುವುದು ಅಪರಾಧ. 2014ರಲ್ಲಿ ಇದರ ಜಾಗಕ್ಕೆ ಸಾರ್ವಜನಿಕ ಸ್ಥಳ ರಕ್ಷಣಾ ಆದೇಶಗಳು ಬಂದವು. ಅವುಗಳ ಅವಧಿ ಒಮ್ಮೆಗೆ ಮೂರು ವರ್ಷ ಮೀರುವಂತಿಲ್ಲ. ನ್ಯೂ ಸೌತ್ ವೇಲ್ಸ್ ಕಾನೂನಿನಂತೆ ಇಲ್ಲಿಯೂ ಅವಧಿಗೆ ಮಿತಿಯಿದೆ, ಮರುಪರಿಶೀಲನೆಯಿದೆ, ಶಿಕ್ಷೆ ಕೊನೆಯ ಮೆಟ್ಟಿಲಾಗಿದೆ.

ಇಷ್ಟು ಹೇಳಿ ಮೂರನೇ ಭಾಗಕ್ಕೆ ಹೊರಳೋಣ. ಮದ್ಯಮುಕ್ತ ವಲಯದ ಭಾರ ಬೀಳುವುದು ಯಾರ ಮೇಲೆ?

ಮನೆಯಲ್ಲಿ ಅಂಗಳವೂ ಜೇಬಿನಲ್ಲಿ ಬಾರಿನ ಬಿಲ್ಲಿಗೆ ಹಣವೂ ಇದ್ದವನು ಬೀದಿಯಲ್ಲಿ ಕುಡಿಯಬೇಕಾಗಿಲ್ಲ. ಬೀದಿಯಲ್ಲಿ ಕುಡಿಯುವವನು ಬಹುಮಟ್ಟಿಗೆ ಬಡವ, ವಲಸೆಗಾರ, ಮನೆಯಿಲ್ಲದವನು, ಇಲ್ಲವೆ ಮನೆಯೊಳಗೆ ಜಾಗವಿಲ್ಲದವನು. ಎರಡು ಊರುಗಳ ಕಥೆ ಇದನ್ನು ಸ್ಪಷ್ಟಪಡಿಸುತ್ತದೆ.

ಆಸ್ಟ್ರೇಲಿಯಾದ ನಡುಭಾಗದ ಮರುಭೂಮಿಯಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಪಟ್ಟಣವಿದೆ. ಅದು ಸೇರಿದ ನಾರ್ದರ್ನ್ ಟೆರಿಟರಿ ಪ್ರಾಂತದಲ್ಲಿ 1983ರಲ್ಲಿ ಒಂದು ನಿಯಮ ಬಂತು: ಮದ್ಯ ಮಾರುವ ಸನ್ನದು ಪಡೆದ ಜಾಗದಿಂದ ಎರಡು ಕಿಲೋಮೀಟರ್ ಒಳಗೆ ಬಯಲಿನಲ್ಲಿ ಕುಡಿಯಕೂಡದು. ಪಟ್ಟಣದ ಒಣ ನದೀಪಾತ್ರದಲ್ಲಿ ಕೂರುತ್ತಿದ್ದ ಮೂಲನಿವಾಸಿಗಳ ಮೇಲೆಯೇ ಇದರ ಏಟು ಹೆಚ್ಚಾಗಿ ಬಿತ್ತು. 2007ರಲ್ಲಿ ಪಟ್ಟಣದ ಸಾರ್ವಜನಿಕ ಸ್ಥಳಗಳೆಲ್ಲ ಮದ್ಯಮುಕ್ತವಾದವು. ಅದೇ ವರ್ಷ ಕೇಂದ್ರ ಸರ್ಕಾರದ ತುರ್ತು ಕಾನೂನು ಪಟ್ಟಣದ ಅಂಚಿನ ಮೂಲನಿವಾಸಿ ಕೇರಿಗಳಲ್ಲೂ, ಅಂದರೆ ಅವರ ಮನೆಗಳಲ್ಲೂ, ಮದ್ಯವನ್ನು ನಿಷೇಧಿಸಿತು. ಬೀದಿಯಲ್ಲೂ ಬೇಡ, ಮನೆಯಲ್ಲೂ ಬೇಡ ಎಂದಾಗ ಕುಡಿತದ ರೋಗಕ್ಕೆ ಸಿಕ್ಕಿದವನಿಗೆ ಉಳಿದದ್ದು ಕತ್ತಲ ಪೊದೆ ಮತ್ತು ಪೊಲೀಸ್ ವ್ಯಾನು.

ಆ ವ್ಯಾನಿನ ಭಯಕ್ಕೆ ಇತಿಹಾಸವೂ ಇತ್ತು. ಪೊಲೀಸ್ ವಶದಲ್ಲಿ ಮತ್ತು ಜೈಲುಗಳಲ್ಲಿ ಸಂಭವಿಸಿದ 99 ಮೂಲನಿವಾಸಿಗಳ ಸಾವುಗಳನ್ನು ಪರಿಶೀಲಿಸಿದ ರಾಯಲ್ ಆಯೋಗ 1991ರಲ್ಲಿ ವರದಿ ಕೊಟ್ಟಿತ್ತು. ಸಾರ್ವಜನಿಕ ಸ್ಥಳದಲ್ಲಿ ಅಮಲಿನಲ್ಲಿರುವುದನ್ನು ಅಪರಾಧವೆಂದು ಎಣಿಸಬಾರದು, ಅಂಥವರನ್ನು ಲಾಕಪ್ಪಿನ ಬದಲು ಆರೈಕೆಯ ಜಾಗಕ್ಕೆ ಒಯ್ಯಬೇಕು ಎಂಬುದು ಅದರ ಮುಖ್ಯ ಶಿಫಾರಸುಗಳಲ್ಲಿ ಒಂದು. ವಿಕ್ಟೋರಿಯಾ ರಾಜ್ಯ ಆ ಮಾತನ್ನು ಜಾರಿಗೆ ತಂದದ್ದು 2023ರ ನವೆಂಬರಿನಲ್ಲಿ, ಮೂರು ದಶಕಗಳ ನಂತರ.

ಆದರೆ ಕಥೆಗೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಾಗದು. 2022ರ ಜುಲೈನಲ್ಲಿ ಕೇಂದ್ರದ ನಿರ್ಬಂಧಗಳ ಅವಧಿ ಮುಗಿದಾಗ ಆಲಿಸ್ ಸ್ಪ್ರಿಂಗ್ಸಿನಲ್ಲಿ ಕುಡಿತದ ಜೊತೆಗೆ ಹಿಂಸೆಯೂ ಹೆಚ್ಚಿತು. ಹೆಂಗಸರ ಮೇಲಿನ ಹಲ್ಲೆಗಳ ಬಗ್ಗೆ ಮೂಲನಿವಾಸಿ ಸಮುದಾಯದ ಒಳಗಿನಿಂದಲೇ ಕೂಗು ಎದ್ದಿತು. 2023ರ ಜನವರಿಯಲ್ಲಿ ಪ್ರಧಾನಿ ಆಂಥನಿ ಆಲ್ಬನೀಸಿ ಅಲ್ಲಿಗೆ ಹೋದರು. ಮುಂದಿನ ತಿಂಗಳು ಕೇರಿಗಳ ನಿರ್ಬಂಧ ಮರಳಿ ಬಂತು. ಮೇಲಿನಿಂದ ಹೇರಿದ ನಿಷೇಧ ಜನರನ್ನು ಅವಮಾನಿಸಿತ್ತು ನಿಜ. ಬದಲಿ ವ್ಯವಸ್ಥೆಯಿಲ್ಲದೆ ಅದನ್ನು ಕೈಬಿಟ್ಟದ್ದು ಅದೇ ಜನರಲ್ಲಿ ಅತ್ಯಂತ ದುರ್ಬಲರಾದವರಿಗೆ ಪೆಟ್ಟು ಕೊಟ್ಟಿತು. ಎರಡೂ ಸಲ ತಪ್ಪಿಹೋದದ್ದು ಒಂದೇ: ಸಮುದಾಯವನ್ನು ಕೂರಿಸಿಕೊಂಡು ಮಾತಾಡುವ ಕೆಲಸ.

ಎರಡನೇ ಊರು ಸಿಂಗಪುರ. ಈ ಕಥೆಗೆ ದಕ್ಷಿಣ ಭಾರತದ ನಂಟಿದೆ. 2013ರ ಡಿಸೆಂಬರ್ 8, ಭಾನುವಾರ. ವಾರದ ರಜೆಯೆಂದು ಲಿಟಲ್ ಇಂಡಿಯಾ ಪ್ರದೇಶಕ್ಕೆ ಬಂದಿದ್ದ ತಮಿಳುನಾಡಿನ ಕಟ್ಟಡ ಕಾರ್ಮಿಕರೊಬ್ಬರು ಖಾಸಗಿ ಬಸ್ಸಿನ ಅಡಿಗೆ ಸಿಕ್ಕಿ ತೀರಿಕೊಂಡರು. ಅಲ್ಲಿ ಸೇರಿದ್ದ ನೂರಾರು ವಲಸೆ ಕಾರ್ಮಿಕರು ರೊಚ್ಚಿಗೆದ್ದರು, ಪೊಲೀಸ್ ವಾಹನ, ಆಂಬುಲೆನ್ಸುಗಳಿಗೆ ಬೆಂಕಿ ಬಿತ್ತು. ಸಿಂಗಪುರ ದಶಕಗಳಿಂದ ಕಂಡಿರದ ಗಲಭೆ ಅದು. ತನಿಖಾ ಸಮಿತಿ ಮದ್ಯವನ್ನು ಒಂದು ಕಾರಣವೆಂದು ಗುರುತಿಸಿತು.

2015ರ ಏಪ್ರಿಲಿನಿಂದ ಹೊಸ ಕಾಯ್ದೆ ಬಂತು. ಇಡೀ ದೇಶದ ಸಾರ್ವಜನಿಕ ಸ್ಥಳಗಳಲ್ಲಿ ರಾತ್ರಿ 10.30ರಿಂದ ಬೆಳಿಗ್ಗೆ 7ರವರೆಗೆ ಮದ್ಯಪಾನ ನಿಷಿದ್ಧ. ಲಿಟಲ್ ಇಂಡಿಯಾ ಮತ್ತು ಗೇಲಾಂಗ್ ಪ್ರದೇಶಗಳನ್ನು ಮದ್ಯ ನಿಯಂತ್ರಣ ವಲಯಗಳೆಂದು ಸಾರಿ, ಅಲ್ಲಿ ವಾರಾಂತ್ಯ ಮತ್ತು ಸಾರ್ವಜನಿಕ ರಜೆಗಳಿಗೆ ನಿಷೇಧವನ್ನು ಇನ್ನಷ್ಟು ಬಿಗಿ ಮಾಡಲಾಯಿತು. ವಾರವಿಡೀ ದುಡಿದು, ಒಂದೇ ಕೋಣೆಯಲ್ಲಿ ಹಲವರೊಂದಿಗೆ ಮಲಗಿ, ಭಾನುವಾರ ಒಂದು ದಿನ ತನ್ನ ಭಾಷೆ ಕೇಳಲು ಬರುವ ಕಾರ್ಮಿಕನಿಗೆ ಆ ಬೀದಿಯ ಹುಲ್ಲುಹಾಸೇ ಮನೆಯ ಜಗಲಿ. ಅಂಥವನ ರಜೆಯ ದಿನವನ್ನೇ ಗುರುತಿಸಿ ನಿಯಮ ಬಿಗಿಯಾಯಿತು. ಜೊತೆಗೆ ಕಾರ್ಮಿಕರಿಗೆ ಮನರಂಜನಾ ಕೇಂದ್ರಗಳನ್ನು ಕಟ್ಟುವ ಕೆಲಸವೂ ನಡೆಯಿತು ಎಂಬುದನ್ನು ಹೇಳಲೇಬೇಕು. ಕೂರಲು ಬೇರೊಂದು ಜಾಗ ಕೊಡದೆ ಏಳು ಎನ್ನುವುದಕ್ಕಿಂತ ಅದು ಮೇಲು.

ಈ ಎರಡೂ ಊರುಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ಉಪನ್ಯಾಸದ ನಿಲುವು ಹೀಗೆ: ಮದ್ಯಮುಕ್ತ ವಲಯ ಜಾಗಕ್ಕೂ ನಡತೆಗೂ ಸಂಬಂಧಿಸಿದ ನಿಯಮವಾಗಿ ಉಳಿದಷ್ಟು ಕಾಲ ನ್ಯಾಯ, ಅದು ಒಂದು ವರ್ಗದ ಜನರ ಮೇಲಿನ ನಿಯಮವಾದ ಗಳಿಗೆಯಿಂದ ಅನ್ಯಾಯ. ಈ ಗೆರೆಯನ್ನು ಕಾಯುವ ಹೊಣೆ ಆ ಊರಿನ ಜನರದೇ.

ಈಗ ಕೊನೆಯ ಹಾಗೂ ನಮಗೆ ಹತ್ತಿರದ ಭಾಗ. ಕರ್ನಾಟಕದ ಪಟ್ಟಣಗಳಲ್ಲಿ ಏನಿದೆ, ಏನು ಬೇಕು?

ಕಾನೂನಿನ ಕಣ್ಣಿನಲ್ಲಿ ನಮ್ಮ ಬೀದಿಗಳೆಲ್ಲ ಈಗಾಗಲೇ ಮದ್ಯಮುಕ್ತ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 15ಎ ಪ್ರಕರಣ ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನವನ್ನು ನಿಷೇಧಿಸುತ್ತದೆ. 1967ರ ಅಬಕಾರಿ ಸನ್ನದು ನಿಯಮಗಳ ಪ್ರಕಾರ ಶಾಲೆ, ಪೂಜಾಸ್ಥಳ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಕೊಡುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 355ನೇ ಪ್ರಕರಣವು ಅಮಲಿನಲ್ಲಿ ಸಾರ್ವಜನಿಕ ಸ್ಥಳಕ್ಕೆ ಬಂದು ಇತರರಿಗೆ ಕಿರಿಕಿರಿ ಮಾಡಿದವರಿಗೆ 24 ಗಂಟೆಗಳವರೆಗಿನ ಸಜೆ, 1,000 ರೂಪಾಯಿವರೆಗಿನ ದಂಡ, ಅಥವಾ ಸಮುದಾಯ ಸೇವೆಯನ್ನು ವಿಧಿಸುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇದೇ ತಪ್ಪಿಗೆ ದಂಡ ಹತ್ತು ರೂಪಾಯಿವರೆಗೆ ಮಾತ್ರ ಇತ್ತು.

ಕಾನೂನು ಇಷ್ಟಿದ್ದೂ ಕೆರೆ ಏರಿಯ ಮೇಲೆ ಗಾಜಿನ ಚೂರು ಏಕೆ? ಉತ್ತರ ಪೊಲೀಸರ ಕೊರತೆಯಲ್ಲಿ ಮಾತ್ರ ಇಲ್ಲ, ಮಾರಾಟದ ವ್ಯವಸ್ಥೆಯಲ್ಲೂ ಇದೆ. ನಮ್ಮಲ್ಲಿ ಚಿಲ್ಲರೆ ಮಾರಾಟಕ್ಕೆ ಸಿಎಲ್-2 ಸನ್ನದು, ಬಾರ್ ಅಂಡ್ ರೆಸ್ಟೋರೆಂಟಿಗೆ ಸಿಎಲ್-9 ಸನ್ನದು. ಜನ ಎಂಆರ್‌ಪಿ ಅಂಗಡಿ ಎಂದು ಕರೆಯುವ ಮೊದಲನೆಯದರಲ್ಲಿ ಕೊಂಡು ಹೋಗಬಹುದು, ಕೂತು ಕುಡಿಯುವಂತಿಲ್ಲ. ಎರಡನೆಯದರಲ್ಲಿ ಕೂರಬಹುದು, ಆದರೆ ಬೆಲೆ ಹೆಚ್ಚು. ದಿನಗೂಲಿಯವನು ಎಂಆರ್‌ಪಿ ಅಂಗಡಿಯಲ್ಲಿ 90 ಮಿಲಿಲೀಟರಿನ ಟೆಟ್ರಾ ಪ್ಯಾಕ್ ಕೊಂಡು, ಪಕ್ಕದ ಗೂಡಂಗಡಿಯಲ್ಲಿ ನೀರಿನ ಪ್ಯಾಕೆಟ್, ಪ್ಲಾಸ್ಟಿಕ್ ಲೋಟ ತೆಗೆದುಕೊಂಡು ಎಲ್ಲಿಗೆ ಹೋಗಬೇಕು? ಮನೆಯಲ್ಲಿ ಮಕ್ಕಳಿದ್ದಾರೆ. ಹತ್ತಿರದ ಖಾಲಿ ಸೈಟು, ಶಾಲೆಯ ಕಾಂಪೌಂಡಿನ ಹಿಂಬದಿ ಅವನ ಕಣ್ಣಿಗೆ ಬೀಳುತ್ತವೆ. ಬಯಲ ಕುಡಿತವನ್ನು ನಿಯಮ ನಿಷೇಧಿಸುತ್ತದೆ, ಮಾರಾಟದ ಕ್ರಮ ಅದನ್ನೇ ಹುಟ್ಟಿಸುತ್ತದೆ.

ದೂರದ ಅಳತೆಯೊಂದರಿಂದಲೇ ಇದು ಬಗೆಹರಿಯದು ಎಂಬುದಕ್ಕೆ ಹೆದ್ದಾರಿಯ ಪ್ರಕರಣ ಸಾಕ್ಷಿ. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಕೂಡದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ತೀರ್ಪು ಕೊಟ್ಟಿತು. 20,000ಕ್ಕಿಂತ ಹೆಚ್ಚು ಜನಸಂಖ್ಯೆಯಿಲ್ಲದ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ನಮ್ಮಲ್ಲಿ ಅಬಕಾರಿ ವರ್ಷ ಆರಂಭವಾಗುವ 2017ರ ಜುಲೈ 1ಕ್ಕೆ ಬೆಂಗಳೂರಿನ ಎಂ.ಜಿ. ರಸ್ತೆಯ ಬಾರುಗಳೂ ಬಾಗಿಲು ಹಾಕಿದವು. ಹತ್ತೇ ದಿನಗಳಲ್ಲಿ, ನಗರ ವ್ಯಾಪ್ತಿಯ ಸನ್ನದುಗಳಿಗೆ ಆ ನಿರ್ಬಂಧ ಅನ್ವಯಿಸದು ಎಂಬ ಸ್ಪಷ್ಟನೆ ಅದೇ ನ್ಯಾಯಾಲಯದಿಂದ ಬಂತು. ಟೇಪು ಹಿಡಿದು ಅಳೆಯುವುದರಲ್ಲಿ ವಾದ ಸುತ್ತುತ್ತಿದ್ದಾಗ, ಅಂಗಡಿಯ ಮುಂದಿನ ಚರಂಡಿಕಟ್ಟೆಯ ಮೇಲೆ ಕೂರುವವರ ವಿಷಯ ಯಾರ ಬಾಯಲ್ಲೂ ಬರಲಿಲ್ಲ.

ಈ ವಿಷಯದಲ್ಲಿ ಮೊದಲು ಎದ್ದು ನಿಂತವರು ನಮ್ಮ ಹೆಣ್ಣುಮಕ್ಕಳು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗವನ್ನು ಅಗ್ಗದ ಮದ್ಯದ ಪ್ಯಾಕೆಟ್ಟುಗಳು ತುಂಬಿದವು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಗ್ರಾಮೀಣ ಮಹಿಳೆಯರು, ಅವರಲ್ಲಿ ರಾಯಚೂರು ಸೀಮೆಯವರು ದೊಡ್ಡ ಸಂಖ್ಯೆಯಲ್ಲಿ, ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು ಬಂದರು. ಅವರ ಬೇಡಿಕೆ ಸಂಪೂರ್ಣ ನಿಷೇಧ. ಆ ಬೇಡಿಕೆಯನ್ನು ಒಪ್ಪಲಿ ಬಿಡಲಿ, ತಮ್ಮ ಊರಿನ ಅಂಗಡಿಯ ಬಗ್ಗೆ ತಮ್ಮನ್ನು ಯಾರೂ ಕೇಳಲಿಲ್ಲ ಎಂಬ ಅವರ ದೂರಿಗೆ ಉತ್ತರ ಕೊಡಬೇಕಾದವರು ಇಂದಿಗೂ ಕೊಟ್ಟಿಲ್ಲ. ಮಹಾರಾಷ್ಟ್ರದಲ್ಲಿ ಗ್ರಾಮದ ಅಥವಾ ವಾರ್ಡಿನ ಮಹಿಳೆಯರು ಸಹಿ ಸಂಗ್ರಹಿಸಿ ಮತದಾನ ಕೇಳಿ ಅಂಗಡಿ ಮುಚ್ಚಿಸುವ ನಿಯಮವಿದೆ. ನಿಂತ ಬಾಟಲಿ, ಅಡ್ಡ ಬಾಟಲಿ ಅಲ್ಲಿನ ಮತದಾನದ ಚಿಹ್ನೆಗಳು.

ಹಾಗಾದರೆ ನಮ್ಮ ಪುರಸಭೆ ಏನು ಮಾಡಬಹುದು? ಸನ್ನದು ಕೊಡುವ, ರದ್ದು ಮಾಡುವ ಅಧಿಕಾರ ಅದಕ್ಕಿಲ್ಲ. ಅದು ಅಬಕಾರಿ ಇಲಾಖೆಯದು. ಆದರೆ ಉದ್ಯಾನ, ಸಂತೆಮಾಳ, ಮಾರುಕಟ್ಟೆ, ಬೀದಿದೀಪ, ಕಸ ವಿಲೇವಾರಿ ಅದರ ಕೈಯಲ್ಲಿವೆ. ಹೊಸ ಕಾಯ್ದೆಗೆ ಕಾಯದೆ ಮಾಡಬಹುದಾದ ಐದು ಕೆಲಸಗಳನ್ನು ಇಲ್ಲಿ ಮುಂದಿಡಲಾಗಿದೆ.

ಮೊದಲನೆಯದು, ಜಾಗಗಳ ಗುರುತು. ಎಲ್ಲಿ ಬಾಟಲಿ ಬೀಳುತ್ತದೆ ಎಂಬುದನ್ನು ಪೌರಕಾರ್ಮಿಕರಷ್ಟು ಚೆನ್ನಾಗಿ ಯಾವ ಅಧಿಕಾರಿಯೂ ಬಲ್ಲವರಲ್ಲ. ಬೆಳಗಿನ ಜಾವ ಆ ಚೂರುಗಳನ್ನು ಕೈಯಾರೆ ಎತ್ತುವವರು ಅವರು. ಯಾವ ದಾರಿ ಬಿಟ್ಟು ಸುತ್ತುಹಾಕಿ ಹೋಗುತ್ತೇವೆ ಎಂಬುದನ್ನು ಶಾಲೆಯ ಹೆಣ್ಣುಮಕ್ಕಳು ಹೇಳಬಲ್ಲರು. ಈ ಇಬ್ಬರನ್ನು ಕೇಳಿ ಊರಿನ ನಕ್ಷೆಯ ಮೇಲೆ ಗುರುತು ಹಾಕಿದರೆ ಐದಾರು ಜಾಗಗಳು ಎದ್ದು ಕಾಣುತ್ತವೆ. ಇಡೀ ಊರಿಗೆ ಕಟ್ಟಳೆ ಮಾಡಿ ಎಲ್ಲೂ ನಡೆಸಲಾಗದ ಸ್ಥಿತಿಗಿಂತ, ಆ ಐದಾರರಲ್ಲಿ 15ಎ ಪ್ರಕರಣವನ್ನು ದಿನವೂ ನಡೆಸುವುದು ಮೇಲು.

ಎರಡನೆಯದು, ಅವಧಿ ಮತ್ತು ಲೆಕ್ಕ. ಗುರುತಿಸಿದ ಜಾಗಗಳ ಪಟ್ಟಿಗೆ ಪುರಸಭೆಯ ಸಾಮಾನ್ಯ ಸಭೆಯಲ್ಲಿ ಒಪ್ಪಿಗೆ ಪಡೆದು ಎರಡು ವರ್ಷದ ಮಿತಿ ಹಾಕಬೇಕು. ಎಷ್ಟು ಪ್ರಕರಣ ದಾಖಲಾಯಿತು ಎಂಬುದು ಯಶಸ್ಸಿನ ಅಳತೆಯಲ್ಲ. ಸಂಜೆ ಆರರಿಂದ ಎಂಟರವರೆಗೆ ಆ ಉದ್ಯಾನಕ್ಕೆ ಎಷ್ಟು ಹೆಂಗಸರು, ಎಷ್ಟು ಮಕ್ಕಳು ಬಂದರು ಎಂದು ಎಣಿಸಬೇಕು. ಕವೆಂಟ್ರಿಯ ಅಧ್ಯಯನ ಕಲಿಸುವುದು ಇದನ್ನೇ.

ಮೂರನೆಯದು, ನಡೆಸುವ ಕ್ರಮ. ಮೊದಲು ತಿಳಿಹೇಳುವುದು, ನಂತರ ವಶಪಡಿಸಿಕೊಳ್ಳುವುದು, ದಂಡ ಮತ್ತು ಮೊಕದ್ದಮೆ ಕೊನೆಗೆ. ಬೀಟ್ ಪೊಲೀಸರು ಹಿಡಿದವರಲ್ಲಿ ಕೂಲಿಯವರೆಷ್ಟು, ಕಾರಿನಲ್ಲಿ ಕೂತು ಕುಡಿದವರೆಷ್ಟು ಎಂಬ ಲೆಕ್ಕ ಬಹಿರಂಗವಾಗಿರಬೇಕು. ಪ್ರವಾಸಿ ತಾಣಗಳಲ್ಲಿ, ಘಾಟಿಯ ರಸ್ತೆಗಳಲ್ಲಿ ವಾಹನ ನಿಲ್ಲಿಸಿ ಕುಡಿಯುವವರು ಬಡವರಲ್ಲ. ಗೋವಾ ಸರ್ಕಾರ 2019ರಲ್ಲಿ ಕಡಲತೀರದಂಥ ಪ್ರವಾಸಿ ಸ್ಥಳಗಳಲ್ಲಿ ಬಯಲ ಕುಡಿತಕ್ಕೆ ಒಬ್ಬರಿಗೆ 2,000, ಗುಂಪಿಗೆ 10,000 ರೂಪಾಯಿ ದಂಡ ಗೊತ್ತುಮಾಡಿದಾಗ ಎದುರಿಗಿದ್ದದ್ದು ಇಂಥ ಪ್ರವಾಸಿಗರೇ.

ನಾಲ್ಕನೆಯದು, ಮಾರುವವರ ಹೊಣೆ. ಅಂಗಡಿಯ ಮುಂದಿನ ಬೀದಿ ಸ್ವಚ್ಛವಾಗಿಡುವುದು ಸನ್ನದುದಾರರ ಕೆಲಸವೆಂದು ಅಬಕಾರಿ ಇಲಾಖೆಯಿಂದ ಷರತ್ತು ಹಾಕಿಸಲು ಪುರಸಭೆ ನಿರ್ಣಯ ಕಳಿಸಬಹುದು. ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ ಕಾಡುಪ್ರಾಣಿಗಳ ಕಾಲಿಗೆ ಗಾಜು ಚುಚ್ಚುವುದನ್ನು ತಡೆಯಲು ಮದ್ರಾಸ್ ಹೈಕೋರ್ಟಿನ ಸೂಚನೆಯಂತೆ 2022ರಲ್ಲಿ ಒಂದು ಯೋಜನೆ ಬಂತು. ಸರ್ಕಾರಿ ಮದ್ಯದಂಗಡಿಯಲ್ಲಿ ಪ್ರತಿ ಬಾಟಲಿಗೆ ಹತ್ತು ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದುಕೊಟ್ಟಾಗ ಆ ಹಣ ಮರಳಿಸುತ್ತಾರೆ. ಬಾಟಲಿಗಳಲ್ಲಿ ಬಹುಪಾಲು ಅಂಗಡಿಗೆ ವಾಪಸು ಬಂದವು, ಯೋಜನೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಆನೆಯ ಕಾಲಿಗಾಗಿ ಮಾಡಿದ್ದನ್ನು ಶಾಲೆಯ ಮಗುವಿನ ಕಾಲಿಗಾಗಿಯೂ ಮಾಡಬಹುದು.

ಐದನೆಯದು, ಚಿಕಿತ್ಸೆ. ಬೀದಿಯಲ್ಲಿ ದಿನವೂ ಸಿಗುವ ಮುಖ ಅದೇ ಆದರೆ ಅವನಿಗೆ ಬೇಕಾದ್ದು ವೈದ್ಯ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446 ಇದೆ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ರಾಜ್ಯದ ಮೂಲೆಮೂಲೆ ತಲುಪಿವೆ. ಶಿಬಿರ ಮುಗಿಸಿದವರು ಮತ್ತೆ ಜಾರದಂತೆ ನವಜೀವನ ಸಮಿತಿಗಳು ಜೊತೆಗಿರುತ್ತವೆ. ಮದ್ಯಮುಕ್ತ ವಲಯದ ಪ್ರತಿ ಫಲಕದ ಮೇಲೆ ದಂಡದ ಮೊತ್ತಕ್ಕಿಂತ ದೊಡ್ಡ ಅಕ್ಷರದಲ್ಲಿ ಸಹಾಯವಾಣಿಯ ಸಂಖ್ಯೆ ಇರಲಿ.

ಇದಕ್ಕೆಲ್ಲ ಹಣವೆಲ್ಲಿ ಎಂಬ ಪ್ರಶ್ನೆ ಸಹಜ. 2025-26ರ ಆಯವ್ಯಯದಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ 40,000 ಕೋಟಿ ರೂಪಾಯಿ ವರಮಾನದ ಗುರಿ ಇಟ್ಟುಕೊಂಡಿತ್ತು. ಒಂದು ಪಟ್ಟಣದ ಐದಾರು ಜಾಗಗಳಿಗೆ ದೀಪ, ಬೇಲಿ, ಫಲಕ, ಒಂದು ಶೌಚಾಲಯಕ್ಕೆ ಬೇಕಾಗುವುದು ಆ ಮೊತ್ತದ ಎದುರು ಲೆಕ್ಕಕ್ಕೇ ಬಾರದಷ್ಟು. ಮದ್ಯದಿಂದ ಬರುವ ಹಣದಲ್ಲಿ ಒಂದು ಪಾಲು ಮದ್ಯದಿಂದ ಕೈತಪ್ಪಿದ ಜಾಗಗಳಿಗೆ ಮರಳಬೇಕೆಂದು ಕೇಳುವ ನೈತಿಕ ಹಕ್ಕು ಪ್ರತಿ ಪುರಸಭೆಗೂ ಇದೆ.

ಈ ಸಭೆಯಲ್ಲಿ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿದ್ದೀರಿ. ಮೊದಲನೇ ಕೆಲಸ, ಅಂದರೆ ನಕ್ಷೆಯ ಗುರುತು, ನಿಮ್ಮ ಎನ್‌ಎಸ್‌ಎಸ್ ಘಟಕದಿಂದ ಆಗಬಹುದಾದದ್ದು. ಸನ್ನದುಗಳು ನವೀಕರಣವಾಗುವುದು ಪ್ರತಿ ವರ್ಷ ಜುಲೈ 1ಕ್ಕೆ. ಅದಕ್ಕೆ ಎರಡು ಮೂರು ತಿಂಗಳು ಮುಂಚೆ ಆ ನಕ್ಷೆ ಪುರಸಭೆಯ ಸಾಮಾನ್ಯ ಸಭೆಯ ಮುಂದೆ ಬಂದರೆ, ಸಭೆಯ ನಿರ್ಣಯ ಅಬಕಾರಿ ಉಪ ಆಯುಕ್ತರ ಮೇಜನ್ನು ಸಮಯಕ್ಕೆ ಸರಿಯಾಗಿ ತಲುಪುತ್ತದೆ. ನಕ್ಷೆ ಮಾಡುವಾಗ ಬೀದಿಯಲ್ಲಿ ಕುಡಿಯುವವರನ್ನೂ ಮಾತಾಡಿಸಿ, ಅವರು ಅಲ್ಲೇ ಏಕೆ ಕೂರುತ್ತಾರೆ ಎಂಬುದನ್ನು ಅವರ ಮಾತಿನಲ್ಲೇ ಬರೆದು ನಕ್ಷೆಯ ಜೊತೆ ಲಗತ್ತಿಸಿ.